ಹೊಳೆ ಇಳಿದ ಮೇಲಿನ ಲೆಕ್ಕ



2019ರಲ್ಲಿ ಬಕ್ರೀದ್ ಹಬ್ಬ ಆಗಸ್ಟ್ 12ಕ್ಕೆ ಬಿತ್ತು. ಅದಕ್ಕೆ ನಾಲ್ಕೈದು ದಿನ ಮೊದಲೇ ಹೊಳೆ ಗೋಕಾಕ ಊರೊಳಗೆ ಬಂದು ನಿಂತಿತ್ತು. ಹಿಡಕಲ್ ಜಲಾಶಯದಿಂದ ಬಿಟ್ಟ ಘಟಪ್ರಭೆಯ ನೀರು, ಸಂಕೇಶ್ವರದ ಮಗ್ಗುಲಿಂದ ಹಿರಣ್ಯಕೇಶಿ, ಬೆಳಗಾವಿ ಕಡೆಯಿಂದ ಮಾರ್ಕಂಡೇಯ, ಮೂರೂ ಒಟ್ಟಿಗೇ ಏರಿದ್ದವು. ಲೋಳಸೂರ ಸೇತುವೆ ಮುಳುಗಿ ದಾರಿ ಕಡಿದುಹೋಗಿತ್ತು. ಸುಣಧೋಳಿ, ಮಸಗುಪ್ಪಿಯಂಥ ಹೊಳೆದಂಡೆಯ ಊರಿನವರು ದನಕರು ಹೊಡೆದುಕೊಂಡು ಎತ್ತರದ ಜಾಗ ಹುಡುಕಿದ್ದರು. ಅರಭಾವಿ ಭಾಗದ ಕಬ್ಬು, ಗೋವಿನಜೋಳ ನೀರಡಿ ಸೇರಿದ್ದವು. ಹಬ್ಬದ ನಮಾಜಿಗೆ ಹೊಸ ಬಟ್ಟೆಯ ಮಾತು ಹಾಗಿರಲಿ, ಒಣ ಬಟ್ಟೆ ಸಿಕ್ಕರೆ ಸಾಕು ಎನ್ನುವ ಸ್ಥಿತಿ. ಎರಡು ವರ್ಷ ಕಳೆದು 2021ರ ಜುಲೈ 21ಕ್ಕೆ ಮತ್ತೆ ಬಕ್ರೀದ್ ಬಂತು. ಅದೇ ವಾರ ಘಟಪ್ರಭೆಯೂ ಮತ್ತೆ ಬಂದಳು. ಚಾಂದ್ರಮಾನದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಹೀಗೆ ಸರಿಯುತ್ತ ಅದು ಮಳೆಗಾಲದಲ್ಲಿ ಬಂದು ಹೊಳೆಯ ಕೈಗೆ ಸಿಕ್ಕಿತು.

ಹಬ್ಬವೇ ಪರೀಕ್ಷೆಯ ಹಬ್ಬ. ಪ್ರವಾದಿ ಇಬ್ರಾಹೀಮರಿಗೆ ನಿನ್ನ ಅತಿಪ್ರಿಯವಾದದ್ದನ್ನು ಬಿಟ್ಟುಕೊಡಬಲ್ಲೆಯಾ ಎಂಬ ಪ್ರಶ್ನೆ ಬಂದ ನೆನಪಿಗೆ ಅದನ್ನು ಆಚರಿಸುತ್ತೇವೆ. ಖುರ್ಬಾನಿಯ ಮಾಂಸವೂ ರಕ್ತವೂ ದೇವರನ್ನು ಮುಟ್ಟುವುದಿಲ್ಲ, ಮುಟ್ಟುವುದು ನಿಮ್ಮ ಒಳಗಿನ ಭಯಭಕ್ತಿ ಎಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. 2019ರ ಆ ಹಬ್ಬಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಎಷ್ಟೋ ಮನೆಗಳಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ಒಳಗಿನದನ್ನು ನೋಡಿಕೊಳ್ಳಲು ಹೊತ್ತು ಮಾತ್ರ ಬೇಕಾದಷ್ಟಿತ್ತು.

ಕಷ್ಟ ಬಂದಾಗ ಮನುಷ್ಯ ಯಾರ ಲೆಕ್ಕ ನೋಡಬೇಕು? ಇಂದಿನ ಮಾತು ಇಷ್ಟರದ್ದೇ.

ಮಹಾಪೂರದ ನೀರಿನ ಹಿಂದೆಯೇ ಒಂದು ಮಾತೂ ಬರುತ್ತದೆ: ಇದು ಯಾರದೋ ಪಾಪದ ಫಲ. ಶಾಲೆಯ ಕೋಣೆಯಲ್ಲಿ ಗಂಜಿ ಉಣ್ಣುತ್ತ ಕುಳಿತವರ ನಡುವೆಯೂ ಅದು ಸುಳಿದಾಡುತ್ತದೆ. ಕಾಲ ಕೆಟ್ಟಿತು, ಹುಡುಗರು ಕೆಟ್ಟರು, ಆ ಓಣಿಯವರು ಹೀಗೆ, ಈ ಮನೆಯವರು ಹಾಗೆ. ತಮಾಷೆಯೆಂದರೆ, ಪಾಪ ಮಾಡಿದವರ ಹೆಸರು ಹೇಳುವಾಗ ಯಾರೂ ತಮ್ಮ ಹೆಸರಿನಿಂದ ಶುರು ಮಾಡುವುದಿಲ್ಲ.

ಪೈಗಂಬರ ಮುಹಮ್ಮದರ ಜೀವನದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹಿಜರಿ 10ನೇ ವರ್ಷ, ಅವರ ಮಗ ಇಬ್ರಾಹೀಮ್ ತೀರಿಕೊಂಡ. ಸುಮಾರು ಒಂದೂವರೆ ವರ್ಷದ ಕೂಸು. ಅದೇ ದಿನ ಸೂರ್ಯಗ್ರಹಣವಾಯಿತು. ಪೈಗಂಬರರ ಮಗ ಸತ್ತ ದುಃಖಕ್ಕೆ ಸೂರ್ಯನೇ ಕಪ್ಪಾದ ಎಂದು ಮದೀನಾದ ಜನ ಆಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರೇನೋ. ತಮ್ಮ ದೊಡ್ಡಸ್ತಿಕೆಗೆ ಆಕಾಶವೇ ಸಾಕ್ಷಿ ನುಡಿಯುವಾಗ ಬೇಡ ಎನ್ನುವವರು ಕಡಿಮೆ. ಇವರು ಎದ್ದು ನಿಂತು, ಸೂರ್ಯಚಂದ್ರರು ದೇವರ ಎರಡು ಕುರುಹುಗಳು, ಯಾರೋ ಹುಟ್ಟಿದ್ದಕ್ಕೆ, ಯಾರೋ ಸತ್ತದ್ದಕ್ಕೆ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದರು. ಮಗನಿಗಾಗಿ ಅವರು ಅತ್ತರು. ಕಣ್ಣು ತುಂಬುತ್ತದೆ, ಎದೆ ಸಂಕಟಪಡುತ್ತದೆ, ಆದರೂ ಒಡೆಯನಿಗೆ ಒಪ್ಪದ ಮಾತು ಬಾಯಿಂದ ಬರಬಾರದು ಎಂಬ ಅರ್ಥದ ಮಾತೂ ಅವರದೇ. ಅಳುವಿಗೆ ಅಡ್ಡಿ ಇಲ್ಲ. ಆಕಾಶದ ಮೇಲೆ ನಮಗೆ ಬೇಕಾದ ಅರ್ಥ ಬರೆಯುವುದಕ್ಕೆ ಅಡ್ಡಿ ಇದೆ.

ಅಳುವಿನ ಮಾತು ಬಂತೆಂದು ಇನ್ನೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಮನೆ ಬಿದ್ದವರ ಮುಂದೆ ನಿಂತು “ಸಬರ್ ಮಾಡ್ರಿ”, ತಾಳಿಕೊಳ್ಳಿ, ಎನ್ನುವವರ ಕಾಲಿಗೆ ಕೆಸರು ಹತ್ತಿರುವುದಿಲ್ಲ. ಮಗ ಯೂಸುಫನಿಗಾಗಿ ಅತ್ತು ಅತ್ತು ಪ್ರವಾದಿ ಯಾಕೂಬರ ಕಣ್ಣು ಬೆಳ್ಳಗಾದ ಕಥೆ ಕುರ್‌ಆನಿನಲ್ಲೇ ಇದೆ. ಆದರೂ ಅವರು ಸಬರಿಗೆ ಮಾದರಿ. ಅಯ್ಯೂಬರು ರೋಗದಲ್ಲಿ ನರಳುತ್ತ ತಮ್ಮ ಸಂಕಟವನ್ನು ದೇವರ ಮುಂದೆ ಹೇಳಿಕೊಂಡರು. ಒಮ್ಮೆ ಗೋರಿಯ ಬಳಿ ಅಳುತ್ತಿದ್ದ ಹೆಂಗಸಿಗೆ ಪೈಗಂಬರರು ತಾಳ್ಮೆ ತಂದುಕೋ ಅಂದಾಗ, ಅವರು ಯಾರೆಂದು ತಿಳಿಯದ ಆಕೆ, ನನಗೆ ಬಂದದ್ದು ನಿನಗೆ ಬಂದಿಲ್ಲ, ಹೋಗು ಅಂದಳು. ಅವರು ಸಿಟ್ಟಾಗಲಿಲ್ಲ, ವಾದ ಮಾಡಲಿಲ್ಲ, ಹೋದರು. ಪಾಠ ಹೇಳುವ ಹುರುಪಿನಲ್ಲಿ ನಮ್ಮ ಮೌಲವಿಗಳೂ ಸ್ವಾಮಿಗಳೂ ಭಾಷಣಕಾರರೂ, ನಾನೂ ಸೇರಿ, ಈ ಹೋಗುವ ಭಾಗವನ್ನು ಕಲಿತಿಲ್ಲ.

ಹೆದರಿಕೆ, ಹಸಿವು, ಸೊತ್ತಿನ ನಷ್ಟ, ಜೀವದ ನಷ್ಟ, ಫಸಲಿನ ನಷ್ಟ, ಇವುಗಳಿಂದ ನಿಮ್ಮನ್ನು ಪರೀಕ್ಷೆಗೆ ಒಡ್ಡುತ್ತೇವೆ ಎಂದು ಕುರ್‌ಆನ್ ಎರಡನೆಯ ಅಧ್ಯಾಯದಲ್ಲಿ ಮುಂಚಿತವಾಗಿಯೇ ತಿಳಿಸಿಬಿಟ್ಟಿದೆ. ಒಕ್ಕಲುತನದವನು ಈ ಪಟ್ಟಿಯ ಕೊನೆಯದಕ್ಕೆ ಬಂದಾಗ ತುಸು ನಿಲ್ಲುತ್ತಾನೆ. ಎಕರೆಗೆ ಇಷ್ಟು ಗೊಬ್ಬರ, ಇಷ್ಟು ಬೀಜ, ಇಷ್ಟು ಆಳು ಎಂದು ಸುರಿದು ಬೆಳೆಸಿದ ಕಬ್ಬು ವಾರಗಟ್ಟಲೆ ನೀರಲ್ಲಿ ನಿಂತು ಸುಳಿ ಕೊಳೆತಾಗ ಆಗುವ ನಷ್ಟ ಅದು. ಪರೀಕ್ಷೆ ಎಂದಮೇಲೆ ಅದು ಶಿಕ್ಷೆಯಲ್ಲ. ಪರೀಕ್ಷೆಗೆ ಕುಳಿತವನು ಪಕ್ಕದವನ ಕಾಗದ ನೋಡಬಾರದು ಎಂಬ ನಿಯಮ ಅರಭಾವಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು.

ಇದರ ಜೊತೆಗೇ ಕುರ್‌ಆನಿನ ಇನ್ನೊಂದು ಕಡೆ, ನಿಮಗೆ ಬಂದ ವಿಪತ್ತು ನಿಮ್ಮ ಕೈಗಳ ಗಳಿಕೆಯಿಂದ ಬಂದದ್ದು, ಅದರಲ್ಲೂ ಬಹಳಷ್ಟನ್ನು ದೇವರು ಮನ್ನಿಸಿಬಿಡುತ್ತಾನೆ ಎಂಬ ಮಾತೂ ಇದೆ. ಇದನ್ನು ಹಿಡಿದುಕೊಂಡು ಪಕ್ಕದ ಮನೆಯವನ ಮೇಲೆ ತೀರ್ಪು ಬರೆಯುವವರಿಗೆ ಅದೇ ಗ್ರಂಥ ಇನ್ನೊಂದು ಬೇಲಿ ಹಾಕಿದೆ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ. ಪ್ರತಿಯೊಬ್ಬನ ಲೆಕ್ಕ ಅವನವನ ಕೊರಳಿಗೇ ಕಟ್ಟಿದೆ. ಕೊನೆಯ ದಿನ ಅವನ ಪುಸ್ತಕ ಅವನ ಕೈಗೆ ಕೊಟ್ಟು, ಓದು, ನಿನ್ನ ಲೆಕ್ಕಕ್ಕೆ ನೀನೇ ಸಾಕು ಎನ್ನುತ್ತಾರಂತೆ. ಅವನವನ ಪುಸ್ತಕ ಮಾತ್ರ. ಊರಿನ ಪುಸ್ತಕ ಯಾರ ಕೈಗೂ ಸಿಕ್ಕುವುದಿಲ್ಲ.

ಆದಮ್ ಮತ್ತು ಇಬ್ಲೀಸರ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅದರಲ್ಲಿ ಒಂದು ಸಣ್ಣ ವಿವರವನ್ನು ದಾಟಿಬಿಡುತ್ತೇವೆ. ಇಬ್ಬರೂ ಆಜ್ಞೆ ಮೀರಿದರು. ಇಬ್ಬರನ್ನೂ ಹೊರಗೆ ಹಾಕಲಾಯಿತು. ಹೊರಗೆ ಹೋಗುವಾಗ ಇಬ್ಲೀಸ್ ದೇವರಿಗೇ ತಿರುಗಿ, ನನ್ನನ್ನು ದಾರಿ ತಪ್ಪಿಸಿದವನು ನೀನೇ ಎಂದ. ಆದಮ್ ಮತ್ತು ಅವನ ಹೆಂಡತಿ, ನಮಗೆ ನಾವೇ ಅನ್ಯಾಯ ಮಾಡಿಕೊಂಡೆವು, ನೀನು ಕ್ಷಮಿಸದಿದ್ದರೆ ಕೆಟ್ಟೆವು ಅಂದರು. ಅವರಿಗೆ ಮೋಸ ಮಾಡಿದವನು ಎದುರಿಗೇ ಇದ್ದ, ಅವನತ್ತ ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ. ಹೆಂಡತಿಯನ್ನೂ ಮುಂದೆ ಮಾಡಲಿಲ್ಲ, ಇಬ್ಬರ ಬಾಯಲ್ಲೂ ಬಂದದ್ದು ನಾವು ಎಂದೇ. ಮನುಷ್ಯರೆಲ್ಲ ಆದಮನ ಮಕ್ಕಳು ಎಂದು ಹೇಳಿಕೊಳ್ಳುತ್ತೇವೆ. ಕಷ್ಟ ಬಂದ ದಿನ ನಮ್ಮ ಮಾತಿನ ಧಾಟಿ ಕೇಳಿದರೆ ಯಾರ ಮಕ್ಕಳೆಂದು ಅನುಮಾನ ಬರುತ್ತದೆ.

ನಮ್ಮ ಶಿಶುನಾಳ ಷರೀಫರು ಮಾಳಿಗೆ ಸೋರುವ ಪದ ಕಟ್ಟಿದರಲ್ಲ, ಅಲ್ಲಿಯೂ ಅವರು ಮಳೆಯನ್ನು ಬೈಯಲಿಲ್ಲ. ಸೋರಿಕೆಯ ಕಾರಣವನ್ನು ತಮ್ಮ ಅಜ್ಞಾನದಲ್ಲಿ ಹುಡುಕಿದರು. 1889ರಲ್ಲಿ ತೀರಿಕೊಂಡ ಆ ಮಹಾನುಭಾವರ ಪದಗಳನ್ನು ಉತ್ತರ ಕರ್ನಾಟಕದ ಭಜನೆಯವರು ಇಂದಿಗೂ ಹಾಡುತ್ತಾರೆ. ಹಾಡುವವರ ಮಾಳಿಗೆಗಳೂ ಸೋರುತ್ತಲೇ ಇವೆ.

ತಪ್ಪು ನಮ್ಮದು ಎಂದು ಗೊತ್ತಾದ ಮೇಲೆ ಏನು? ಇಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಉಹುದ್ ಯುದ್ಧ. ಹಿಜರಿ 3, ಕ್ರಿ.ಶ. 625. ಮದೀನಾದ ಪಕ್ಕದ ಉಹುದ್ ಗುಡ್ಡದ ಬುಡದಲ್ಲಿ ಮಕ್ಕಾದವರ ಜೊತೆ ಕಾಳಗ. ಊರೊಳಗೇ ಇದ್ದು ಎದುರಿಸೋಣ ಎಂಬುದು ಪೈಗಂಬರರ ಒಲವು. ತರುಣರು ಬಯಲಿಗೆ ಹೋಗೋಣ ಎಂದು ಹಟ ಹಿಡಿದರು, ಪೈಗಂಬರರು ಅವರ ಮಾತಿಗೆ ಒಪ್ಪಿ ಹೊರಟರು. ಬೆನ್ನ ಹಿಂದಿನ ದಿಬ್ಬದ ಮೇಲೆ 50 ಬಿಲ್ಲುಗಾರರನ್ನು ನಿಲ್ಲಿಸಿ, ನಾವು ಗೆದ್ದರೂ ಸೋತರೂ ಹೇಳಿಕಳಿಸುವ ತನಕ ಜಾಗ ಬಿಡಬೇಡಿ ಎಂದು ತಾಕೀತು ಮಾಡಿದರು. ಕಾಳಗ ಗೆಲ್ಲುವ ಹಾಗೆ ಕಂಡಿತು. ಕೆಳಗೆ ಕೊಳ್ಳೆ ಬಿದ್ದಿದೆ, ಎಲ್ಲರೂ ಬಾಚಿಕೊಳ್ಳುತ್ತಿದ್ದಾರೆ. ದಿಬ್ಬದ ಮೇಲಿನವರಲ್ಲಿ ಹೆಚ್ಚಿನವರು ಇಳಿದು ಓಡಿದರು. ಅವರ ನಾಯಕ ಅಬ್ದುಲ್ಲಾ ಇಬ್ನ್ ಜುಬೈರ್ ಬೇಡವೆಂದು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಬರಿದಾದ ದಿಬ್ಬವನ್ನು ಕಂಡ ಖಾಲಿದ್ ಇಬ್ನ್ ವಲೀದ್, ಆಗಿನ್ನೂ ಮಕ್ಕಾದವರ ಪಕ್ಷ, ಕುದುರೆ ಪಡೆಯನ್ನು ಹಿಂದಿನಿಂದ ತಿರುಗಿಸಿ ತಂದ. ಸುಮಾರು 70 ಜನ ಸತ್ತರು. ಪೈಗಂಬರರ ಚಿಕ್ಕಪ್ಪ ಹಮ್ಜಾ ಸತ್ತರು. ಪೈಗಂಬರರ ಹಲ್ಲು ಮುರಿದು ಮುಖವೆಲ್ಲ ರಕ್ತವಾಯಿತು.

ಇದೆಲ್ಲಿಂದ ಬಂತು ಎಂದು ಜನ ಕೇಳಿದಾಗ, ನಿಮ್ಮಿಂದಲೇ ಎಂದು ಕುರ್‌ಆನ್ ಉತ್ತರ ಕೊಟ್ಟಿತು. ಮುಲಾಜಿಲ್ಲದ ಉತ್ತರ. ವಿಧಿ, ಗ್ರಹಚಾರ, ಶತ್ರುವಿನ ಕುತಂತ್ರ ಎಂದು ತೇಲಿಸಲಿಲ್ಲ. ಅದರ ಜೊತೆಗೇ ಬರುವ ಮಾತನ್ನು ಗಮನಿಸಬೇಕು. ನೀನು ಅವರ ಮೇಲೆ ಒರಟನಾಗಿದ್ದರೆ ಅವರು ನಿನ್ನ ಸುತ್ತಲಿಂದ ಚದುರಿಹೋಗುತ್ತಿದ್ದರು, ಅವರನ್ನು ಮನ್ನಿಸು, ಅವರಿಗಾಗಿ ಕ್ಷಮೆ ಕೇಳು, ಕೆಲಸಕಾರ್ಯಗಳಲ್ಲಿ ಅವರ ಸಲಹೆ ಕೇಳು ಎಂದು ಪೈಗಂಬರರಿಗೆ ಅಪ್ಪಣೆಯಾಯಿತು. ಬಯಲಿಗೆ ಹೋಗೋಣ ಎಂದು ಸಲಹೆ ಕೊಟ್ಟವರೂ ಅವರೇ, ಅದರಿಂದ ಕೆಟ್ಟದ್ದೂ ಆಯಿತು. ಇನ್ನು ಇವರನ್ನು ಕೇಳುವುದೇ ಬೇಡ ಎನ್ನುವುದು ನಮ್ಮ ನಿಮ್ಮ ಬುದ್ಧಿ. ಇಲ್ಲಿ ಅದಕ್ಕೆ ತಿರುಗಿ, ಮತ್ತೆ ಕೇಳು ಎಂಬ ಅಪ್ಪಣೆ. ತಪ್ಪನ್ನು ತಪ್ಪೆಂದು ಹೇಳುವುದು, ಹೇಳಿದ ಮೇಲೆ ಮನುಷ್ಯನನ್ನು ಕೈಬಿಡದಿರುವುದು, ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ನಮ್ಮ ಪಂಚಾಯಿತಿಗಳಲ್ಲಿ, ಸೊಸೈಟಿಗಳಲ್ಲಿ, ಮಸೀದಿ ಕಮಿಟಿಗಳಲ್ಲಿ ಒಂದು ಸಿಕ್ಕಿದರೆ ಇನ್ನೊಂದು ಸಿಕ್ಕುವುದಿಲ್ಲ. ತಪ್ಪು ಮಾಡಿದವನು ನಮ್ಮವನಾದರೆ ತಪ್ಪೇ ಮಾಯ. ಬೇರೆಯವನಾದರೆ ಮನುಷ್ಯನೇ ಮಾಯ.

ಎಲ್ಲ ದೇವರಿಚ್ಛೆ ಎಂದು ಕೈಕಟ್ಟಿ ಕೂಡುವವರಿಗೆ ಖಲೀಫ ಉಮರ್ ಕೊಟ್ಟ ಉತ್ತರ ಪ್ರಸಿದ್ಧ. ಹಿಜರಿ 18ರ ಸುಮಾರಿಗೆ ಸಿರಿಯಾದ ಕಡೆ ಪ್ಲೇಗು ಎದ್ದಿತ್ತು. ಅತ್ತ ಹೊರಟಿದ್ದ ಉಮರ್ ದಾರಿಯಲ್ಲಿ ಸುದ್ದಿ ತಿಳಿದು, ಹಿರಿಯರನ್ನು ಕೇಳಿ, ಜನರನ್ನು ಕರೆದುಕೊಂಡು ಹಿಂದಿರುಗಲು ನಿಶ್ಚಯಿಸಿದರು. ಸೇನಾಪತಿ ಅಬೂ ಉಬೈದಾ, ದೇವರ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಕೇಳಿದರು. ಹೌದು, ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಗೆ ಎಂದರು ಉಮರ್. ನಿನ್ನ ಒಂಟೆಗಳಿಗೆ ಕಣಿವೆಯ ಹಸಿರು ಬದಿಯೂ ಇದೆ, ಬೋಳು ಬದಿಯೂ ಇದೆ, ಎಲ್ಲಿ ಮೇಯಿಸಿದರೂ ದೇವರ ವಿಧಿಯೇ ಅಲ್ಲವೇ ಎಂದು ಕೇಳಿದರು. ಹೊಳೆ ಮೂರು ಸಲ ಹೊಕ್ಕ ಜಾಗದಲ್ಲೇ ನಾಲ್ಕನೆಯ ಸಲ ಗೋಡೆ ಎಬ್ಬಿಸುವಾಗ ಈ ಕಣಿವೆ ನೆನಪಿಗೆ ಬಂದರೆ ಒಳ್ಳೆಯದು. ಎಲ್ಲರಿಗೂ ಎದ್ದುಹೋಗುವ ಅನುಕೂಲ ಇಲ್ಲ, ಹೊಲ ಇಲ್ಲಿ, ದನ ಇಲ್ಲಿ, ಸರಕಾರ ಕೊಟ್ಟ ಪ್ಲಾಟು ಎಲ್ಲೋ ಎಂಬ ಕಷ್ಟ ನಿಜ. ಆದರೆ ಹಳ್ಳದ ದಾರಿ ಮುಚ್ಚಿ ಅಂಗಡಿ ಕಟ್ಟಿದವನಿಗೆ, ಹೊಳೆಯ ಮಡಿಲ ತನಕ ಕಬ್ಬು ಹಚ್ಚಿದವನಿಗೆ ಆ ಕಷ್ಟವೂ ಇಲ್ಲ. ಅವನು ಮಹಾಪೂರಕ್ಕೆ ದೇವರನ್ನು ಸಾಕ್ಷಿ ಕರೆಯುವುದು ಸರಿಯಲ್ಲ.

ಹಾಗೆಂದು ಆಳುವವರು ತಪ್ಪಿಸಿಕೊಳ್ಳುವಂತಿಲ್ಲ. ನಿಮ್ಮಲ್ಲಿ ಪ್ರತಿಯೊಬ್ಬನೂ ಕುರುಬನೇ, ತನ್ನ ಹಿಂಡಿಗೆ ಉತ್ತರ ಹೇಳಬೇಕಾದವನೇ ಎಂಬ ಪೈಗಂಬರರ ಮಾತು ಮೊದಲು ತಟ್ಟುವುದು ಅಧಿಕಾರದಲ್ಲಿರುವವರನ್ನು. ಅದೇ ಹಿಜರಿ 18ರಲ್ಲಿ ಅರೇಬಿಯಾಕ್ಕೆ ಘೋರ ಬರ ಬಂತು. ಬೂದಿಯ ವರ್ಷ ಎಂದು ಅದಕ್ಕೆ ಹೆಸರು. ಜನ ಉಣ್ಣುವ ತನಕ ನಾನು ತುಪ್ಪ ಮುಟ್ಟುವುದಿಲ್ಲ ಎಂದು ಉಮರ್ ಎಣ್ಣೆ ರೊಟ್ಟಿಯಲ್ಲಿ ದಿನ ದೂಡಿದರು. ಅವರ ಮೈಬಣ್ಣ ಕಪ್ಪಿಟ್ಟಿತು ಎಂದು ಇತಿಹಾಸಕಾರರು ಬರೆದಿದ್ದಾರೆ. ಬರದಲ್ಲಿ ಹಸಿವಿಗೆ ಕದ್ದವನ ಕೈ ಕತ್ತರಿಸುವ ಶಿಕ್ಷೆಯನ್ನೂ ನಿಲ್ಲಿಸಿದರು. ಜಲಾಶಯ ತುಂಬುವ ತನಕ ಕಾದು ಒಮ್ಮೆಲೇ ಗೇಟು ಎತ್ತಿದರೆ ಕೆಳಗಿನವರು ಏಕೆಂದು ಕೇಳಬೇಕು, ಕೇಳಲೇಬೇಕು. ತನ್ನ ಲೆಕ್ಕ ನೋಡಿಕೊಂಡವನ ಪ್ರಶ್ನೆಗೆ ತೂಕ ಹೆಚ್ಚು.

ಹೊಳೆ ಇಳಿದ ಮೇಲೆ ಗೋಡೆಯ ಮೇಲೆ ಕೆಸರಿನ ಗೆರೆ ಉಳಿಯುತ್ತದೆ, ಎದೆಮಟ್ಟ, ಕೆಲವೆಡೆ ಆಳುಮಟ್ಟ. ಆ ಗೆರೆ ಒಣಗುವ ಮೊದಲೇ ತಲಾಠಿ, ಇಂಜಿನಿಯರು, ಪಂಚನಾಮೆ, ಫೋಟೊ. 2019ರಲ್ಲಿ ತುರ್ತು ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಎ, ಬಿ, ಸಿ ಎಂದು ಮೂರು ದರ್ಜೆ. ಒಂದು ಅಕ್ಷರ ಮೇಲೆ ಕೆಳಗೆ ಆದರೆ ಲಕ್ಷಗಳ ವ್ಯತ್ಯಾಸ. ಬಿದ್ದವರ ಹೆಸರು ಬಿಟ್ಟುಹೋಯಿತು, ಬೀಳದವರದು ಸೇರಿತು ಎಂಬ ದೂರು ಹೊಳೆ ಬಂದ ಊರುಗಳಲ್ಲೆಲ್ಲ ಎದ್ದಿತು. ಬಿರುಕು ಬಿಟ್ಟ ಗೋಡೆಗೆ ರಾತ್ರಿ ನಾಲ್ಕು ಏಟು ಹಾಕಿ ಬೆಳಿಗ್ಗೆ ಬಿತ್ತು ಎಂದು ಬರೆಸಿದವನನ್ನು ಯಾರೂ ನೋಡಿರಲಿಕ್ಕಿಲ್ಲ. ಸರಕಾರದ ದುಡ್ಡು, ಯಾರಪ್ಪಂದು ಎಂಬ ಸಮಾಧಾನವೂ ಇರುತ್ತದೆ. ಯಾರಪ್ಪಂದು ಎಂದರೆ, ಪಟ್ಟಿಯಲ್ಲಿ ಕೆಳಕ್ಕೆ ಜಾರಿದ ಯಾರೋ ಒಬ್ಬ ವಿಧವೆಯದು.

ಇದಕ್ಕೆ ಹೊಂದುವ ಒಂದು ಮಾತು ಹದೀಸಿನಲ್ಲಿದೆ. ದಿವಾಳಿ ಯಾರು ಗೊತ್ತೇ ಎಂದು ಪೈಗಂಬರರು ಸಂಗಡಿಗರನ್ನು ಕೇಳಿದರು. ಕೈಯಲ್ಲಿ ಕಾಸಿಲ್ಲದವನು ಎಂದರು ಅವರು. ಅಲ್ಲ, ನಮಾಜು, ರೋಜಾ, ಜಕಾತ್ ಎಲ್ಲ ಹೊತ್ತುಕೊಂಡು ಕೊನೆಯ ದಿನ ಬರುತ್ತಾನೆ, ಆದರೆ ಒಬ್ಬನನ್ನು ಬೈದಿರುತ್ತಾನೆ, ಒಬ್ಬನ ಸೊತ್ತು ನುಂಗಿರುತ್ತಾನೆ, ಒಬ್ಬನನ್ನು ಹೊಡೆದಿರುತ್ತಾನೆ, ಅವನ ಪುಣ್ಯವನ್ನೆಲ್ಲ ಅವರಿಗೆ ಹಂಚುತ್ತಾರೆ, ಸಾಲದಿದ್ದರೆ ಅವರ ಪಾಪವನ್ನು ಇವನ ತಲೆಗೆ ಕಟ್ಟುತ್ತಾರೆ, ಅವನೇ ದಿವಾಳಿ ಎಂದರು. ದೇವರಿಗೆ ಮಾಡಿದ ತಪ್ಪಿಗೆ ತೋಬಾ, ಅಂದರೆ ಪಶ್ಚಾತ್ತಾಪ, ಸಾಕು. ಮನುಷ್ಯನಿಗೆ ಮಾಡಿದ್ದಕ್ಕೆ ಆ ಮನುಷ್ಯನ ಮನೆಗೇ ಹೋಗಬೇಕು. ಎಷ್ಟು ಅತ್ತರೂ, ಎಷ್ಟು ಹಜ್ಜಿಗೆ ಹೋಗಿಬಂದರೂ ಅದಕ್ಕೆ ಅಡ್ಡದಾರಿ ಇಲ್ಲ.

ನೀರು ಇಳಿದ ಹೊಸದರಲ್ಲಿ ಗೋಕಾಕದ ಪೇಟೆಯಲ್ಲಿ ನಡೆದುಹೋಗುವಾಗ ಕಂಡದ್ದು ಹೇಳುತ್ತೇನೆ. ಬೀದಿಯ ಎರಡೂ ಬದಿಗೆ ನೆನೆದ ಗಾದಿಗಳ ರಾಶಿ. ಕೆಸರು ಕುಡಿದ ಅರಳೆ ಇಬ್ಬರು ಎತ್ತಿದರೂ ಏಳದು, ಯಾವ ನದಾಫನ ಕೈಯಲ್ಲೂ ಅದು ಮತ್ತೆ ಹದಕ್ಕೆ ಬಾರದು. ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಉದ್ರಿ ಪುಸ್ತಕವನ್ನು ಬಿಡಿಸಿ ಒಣಹಾಕಿದ್ದರು. ಗಾಳಿಗೆ ಹಾರದಂತೆ ಹಾಳೆಯ ಮೇಲೆ ತೂಕದ ಬಟ್ಟುಗಳು. ಶಾಯಿ ಹರಡಿ ನೀಲಿ ಮೋಡವಾಗಿತ್ತು. ಅಲ್ಲೊಂದು ಹೆಸರಿನ ಬಾಲ, ಇಲ್ಲೊಂದು ಅಂಕಿಯ ತಲೆ. ಯಾರು ಎಷ್ಟು ಕೊಡಬೇಕು ಎಂಬುದಕ್ಕೆ ಇನ್ನು ಸಾಲಗಾರನ ನೆನಪೊಂದೇ ದಾಖಲೆ.

ಕುರ್‌ಆನಿನ ಅತಿ ಉದ್ದದ ವಾಕ್ಯ ಸ್ವರ್ಗನರಕದ್ದಲ್ಲ, ಸಾಲ ಬರೆದಿಡುವ ಕ್ರಮದ್ದು. ಸಾಲ ಸಣ್ಣದಿರಲಿ ದೊಡ್ಡದಿರಲಿ, ಗಡುವು ಹಾಕಿ ಬರೆಯಿರಿ, ಸಾಕ್ಷಿ ಇಡಿ ಎನ್ನುತ್ತದೆ. ಬರೆಸಬೇಕಾದವರು ಯಾರು? ಕೊಟ್ಟವನಲ್ಲ, ತೆಗೆದುಕೊಂಡವನು. ಅವನೇ ಬಾಯಿಂದ ಹೇಳಿ ಬರೆಸಬೇಕು, ಒಂದಿಷ್ಟೂ ಕಡಿಮೆ ಹೇಳಬಾರದು. ಆ ಅಂಗಡಿಯವರಿಗೆ ಎಷ್ಟು ಜನ ಬಂದು ತಾವಾಗಿ ಬರೆಸಿದರೋ, ನಾನು ಕೇಳಲಿಲ್ಲ. ಅದು ಅಂಗಡಿಯವರೂ ಬಂದವರೂ ಇಟ್ಟುಕೊಂಡಿರಬೇಕಾದ ಲೆಕ್ಕ.

ನಮ್ಮಲ್ಲಿ ಜನಾಜಾ ಎತ್ತುವ ಮುಂಚೆ, ಮಣ್ಣಿಗೆ ಬಂದವರ ಎದುರು ಮಗನೋ ತಮ್ಮನೋ ನಿಂತು, ತೀರಿಕೊಂಡವರು ಯಾರಿಗಾದರೂ ಬಾಕಿ ಕೊಡುವುದಿದ್ದರೆ ನಮ್ಮ ಹತ್ತಿರ ಬರ್ರಿ ಎಂದು ಹೇಳುವ ರೂಢಿ ಇದೆ. ಅಳುವ ಮಗ ಗಂಟಲು ಸರಿಮಾಡಿಕೊಂಡು ಆಡುವ ಈ ಒಂದು ಮಾತಿನಷ್ಟು ದೊಡ್ಡ ಪ್ರವಚನ ನಾನು ಕೇಳಿಲ್ಲ. ಸಾಲ ಉಳಿಸಿ ಸತ್ತವನ ಜನಾಜಾ ನಮಾಜಿಗೆ ಪೈಗಂಬರರು ಮುಂದೆ ಬರದೆ ನಿಂತದ್ದೂ, ಅಬೂ ಕತಾದಾ ಎಂಬವರು ಆ ಸಾಲ ನನ್ನ ಮೇಲಿರಲಿ ಎಂದ ಮೇಲೆಯೇ ನಮಾಜು ಮಾಡಿಸಿದ್ದೂ ಹದೀಸಿನಲ್ಲಿದೆ.

ಅದೇ 2019ರ ಅಕ್ಟೋಬರ್‌ನಲ್ಲಿ ಮಳೆ ಮತ್ತೊಮ್ಮೆ ಬಡಿಯಿತು. ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲಿನ ಹೆಬ್ಬಂಡೆಗಳ ಬುಡದ ಮಣ್ಣು ಸಡಿಲಿ, ಅವು ಊರಿನ ಮೇಲೆ ಉರುಳುವ ಭಯ ಹುಟ್ಟಿತು. ಕೆಳಗಿನ ಮನೆಯವರನ್ನು ಬಿಡಿಸಿ ಕಳಿಸಿದರು. ಹೊಳೆಯಿಂದ ಪಾರಾಗಿ ಬಂದವರ ತಲೆಯ ಮೇಲೆ ಈಗ ಬಂಡೆ. ಮಳೆ, ಗುಡ್ಡ, ಬಂಡೆ ಮೂರೂ ಇರುವ ಒಂದು ಕಥೆಯನ್ನು ಪೈಗಂಬರರು ಹೇಳಿದ್ದಾರೆ. ಹಿಂದಿನ ಕಾಲದ ಮೂವರು ದಾರಿಗರು ಮಳೆಗೆ ಸಿಕ್ಕಿ ಗವಿ ಹೊಕ್ಕರು. ಬಂಡೆ ಉರುಳಿ ಬಾಯಿ ಮುಚ್ಚಿತು. ಹೊರಗೆ ಯಾರಿಗೂ ಕೇಳದು. ಮೂವರೂ, ನಾವು ದೇವರಿಗಾಗಿಯೇ ಮಾಡಿದ ಒಂದು ಕೆಲಸ ನೆನೆದು ಬೇಡೋಣ ಎಂದುಕೊಂಡರು. ಒಬ್ಬ, ಮುದಿ ತಂದೆತಾಯಿ ನಿದ್ದೆ ಹೋಗಿದ್ದಾಗ ಹಾಲಿನ ಬಟ್ಟಲು ಹಿಡಿದು ಬೆಳಗಿನ ತನಕ ನಿಂತಿದ್ದನ್ನು ಹೇಳಿದ. ಬಂಡೆ ತುಸು ಸರಿಯಿತು. ಇನ್ನೊಬ್ಬ, ಬಡತನಕ್ಕೆ ಸಿಕ್ಕಿ ಕೈಗೆ ಬಂದ ಹೆಣ್ಣನ್ನು ಮುಟ್ಟದೆ ಎದ್ದುಹೋದದ್ದನ್ನು ಹೇಳಿದ. ಇನ್ನೊಂದು ಚೂರು ಸರಿಯಿತು. ಮೂರನೆಯವನು ಹೇಳಿದ್ದು ಕೂಲಿಯ ಸಂಗತಿ. ಒಬ್ಬ ಆಳು ಕೂಲಿ ತೆಗೆದುಕೊಳ್ಳದೆ ಹೋಗಿಬಿಟ್ಟಿದ್ದ. ಈತ ಆ ಕೂಲಿಯನ್ನು ದುಡಿಮೆಗೆ ಹಾಕಿ ಬೆಳೆಸಿದ. ಎಷ್ಟೋ ಕಾಲದ ಮೇಲೆ ಆಳು ಬಂದು ನನ್ನ ಕೂಲಿ ಎಂದಾಗ, ಆ ಒಂಟೆ, ದನ, ಕುರಿ ಎಲ್ಲ ನಿನ್ನವೇ ಅಂದ. ಬಡವನನ್ನು ಗೇಲಿ ಮಾಡಬೇಡಿ ಅಂದನಂತೆ ಆ ಆಳು. ಗೇಲಿಯಲ್ಲವೆಂದು ತಿಳಿದ ಮೇಲೆ ಎಲ್ಲ ಹೊಡೆದುಕೊಂಡು ಹೋದ, ಒಂದು ಕುರಿಯನ್ನೂ ಬಿಡದೆ. ಬಂಡೆ ಪೂರ್ತಿ ಸರಿಯಿತು.

ನನಗೆ ಈ ಕಥೆಯಲ್ಲಿ ಹಿಡಿಸುವುದು, ಆ ಮೂವರೂ ಬಂಡೆ ಬಿದ್ದದ್ದು ಯಾರ ದೆಸೆಯಿಂದ ಎಂದು ಒಬ್ಬರನ್ನೊಬ್ಬರು ಕೇಳದಿದ್ದದ್ದು. ಮತ್ತೆ, ಬಂಡೆಯನ್ನು ಕೊನೆಗೆ ಪೂರ್ತಿ ಸರಿಸಿದ್ದು ಆಳಿನ ಕೂಲಿ.

ದಿನದ ಲೆಕ್ಕವನ್ನು ದಿನವೇ ನೋಡು ಎಂಬುದು ಇಸ್ಲಾಮಿನ ಹಿರಿಯರು ಹಾಕಿಕೊಟ್ಟ ಅಭ್ಯಾಸ. ನಿಮ್ಮ ಲೆಕ್ಕ ಕೇಳುವ ಮೊದಲು ನೀವೇ ಕೇಳಿಕೊಳ್ಳಿ ಎಂಬ ಅರ್ಥದ ಮಾತು ಉಮರರದು. 1111ರಲ್ಲಿ ತೀರಿಕೊಂಡ ಇಮಾಮ್ ಗಜ್ಜಾಲಿ ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಬೆಳಿಗ್ಗೆ ಮನಸ್ಸಿನ ಜೊತೆ ಕರಾರು ಮಾಡಿಕೋ, ದಿನವಿಡೀ ಕಣ್ಣಿಡು, ರಾತ್ರಿ ಪಾಲುದಾರನ ಹತ್ತಿರ ಲಾಭ ನಷ್ಟ ಕೇಳುವ ವ್ಯಾಪಾರಿಯಂತೆ ಕೂತು ಕೇಳು ಎನ್ನುತ್ತಾರೆ. ಇಶಾ ನಮಾಜು ಮುಗಿದ ಮೇಲೆ ಹತ್ತು ನಿಮಿಷದ ಕೆಲಸ. ಆ ಹೊತ್ತಿಗೆ ಈಗ ಎಲ್ಲರ ಕೈಯಲ್ಲೂ ಮೊಬೈಲು, ಅದರಲ್ಲಿ ಲೋಕದವರೆಲ್ಲರ ಲೆಕ್ಕ.

ತಡವಾಯಿತು ಎನ್ನುವವರಿಗೆ ಒಂದು ಮಾತು. ನಮ್ಮ ಭಾಗದಲ್ಲಿ ಮೊಹರಮ್ಮಿಗೆ ಪಂಜಾ ಕೂಡಿಸುವಾಗ, ಕರ್ಬಲಾದ ಪದ ಹಾಡುವಾಗ ಜಾತಿ ಮತ ಕೇಳುವುದಿಲ್ಲ. ಇದು ಸರಿಯೋ ತಪ್ಪೋ ಎಂದು ಮೌಲವಿಗಳಲ್ಲಿ ಜಗಳವಿದೆ, ಅದನ್ನು ಬಿಡಿ. ಕರ್ಬಲಾದ ಆ ಕಥೆಯಲ್ಲಿ ಹುರ್ ಎಂಬ ಒಬ್ಬ ಸರದಾರ ಬರುತ್ತಾನೆ. ಕ್ರಿ.ಶ. 680ರಲ್ಲಿ ಸಾವಿರ ಕುದುರೆ ಸವಾರರ ಜೊತೆ ಬಂದು ಪೈಗಂಬರರ ಮೊಮ್ಮಗ ಇಮಾಮ್ ಹುಸೇನರ ದಾರಿ ಕಟ್ಟಿದವನು ಅವನೇ. ನೀರು ಸಿಗದೆ ಮಕ್ಕಳು ಬಾಯಾರಿದ್ದಕ್ಕೆ ಅವನ ತಡೆಯೂ ಕಾರಣ. ಮೊಹರಮ್ ಹತ್ತರ ಬೆಳಿಗ್ಗೆ, ಕಾಳಗ ಇನ್ನೇನು ಶುರುವಾಗಬೇಕು, ಅವನ ಮೈ ನಡುಗುವುದನ್ನು ಕಂಡು ಪಕ್ಕದವನು, ನೀನೇನು ಹೆದರಿದೆಯಾ ಎಂದು ಕೇಳಿದ. ಸ್ವರ್ಗ ನರಕದ ನಡುವೆ ನಿಂತು ಆರಿಸಿಕೊಳ್ಳುತ್ತಿದ್ದೇನೆ ಎಂದ ಹುರ್. ಕುದುರೆ ಹೊಡೆದುಕೊಂಡು ಹುಸೇನರ ಎದುರು ನಿಂತು, ನಿಮ್ಮ ದಾರಿ ಕಟ್ಟಿದವನು ನಾನೇ, ನನಗೆ ತೋಬಾ ಇದೆಯೇ ಎಂದು ಕೇಳಿದ. ಮೇಲಿನವರ ಹುಕುಮಿತ್ತು ಎನ್ನಲಿಲ್ಲ. ಇದೆ ಎಂದರು ಹುಸೇನರು. ಅಂದೇ ಅವರ ಪಕ್ಷದಲ್ಲಿ ಹೋರಾಡಿ ಸತ್ತ.

ಇಷ್ಟು ಹೇಳಿ ಒಂದು ವಿನಂತಿ ಮಾಡಿ ಮುಗಿಸುತ್ತೇನೆ. ಈ ಭಾಗದ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ಟ್ರ್ಯಾಕ್ಟರ್ ಡಬ್ಬಿಯಲ್ಲಿ ಹೆಂಡಿರು ಮಕ್ಕಳ ಸಮೇತ. ಆಳಿನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬುದು ಪೈಗಂಬರರ ಕಟ್ಟಪ್ಪಣೆ. ನೀವು ಯಾವ ದೇವರಿಗೆ ಕೈ ಮುಗಿಯುವವರೇ ಆಗಿರಿ, ಕಳೆದ ಹಂಗಾಮಿನ ಕೂಲಿ ಯಾರದ್ದಾದರೂ ನಿಮ್ಮ ಹತ್ತಿರ ಉಳಿದಿದ್ದರೆ, ಅವರು ಬಂದು ಕೇಳುವ ದಾರಿ ಕಾಯಬೇಡಿ. ಊರು ಗೊತ್ತಿಲ್ಲದಿದ್ದರೆ ಗ್ಯಾಂಗಿನ ಮುಕಾದಮನನ್ನು ಹಿಡಿದು ವಿಳಾಸ ತೆಗೆದುಕೊಂಡು ಮುಟ್ಟಿಸಿಬಿಡಿ. ಮುಂದಿನ ಸಲ ಹೊಳೆ ಬಂದು ತಲಾಠಿ ಪಂಚನಾಮೆಗೆ ಬಂದಾಗ ಬಿದ್ದಷ್ಟನ್ನೇ ಬರೆಸಿ. ಪಕ್ಕದ ಮನೆಯ ಮುದುಕಿಗೆ ಬರೆಸಲು ಬಾರದಿದ್ದರೆ, ನಿಮ್ಮದು ಬರೆಸುವ ಮುಂಚೆ ಆಕೆಯದನ್ನು ಬರೆಸಿಕೊಡಿ.